ರೋಗನಿರೋಧಶಾಸ್ತ್ರ ಪ್ರಯೋಗಾಲಯ: ಸಾಮೂಹಿಕ ಸೌಲಭ್ಯಗಳು ಮತ್ತು ಸಹಯೋಗ ಜಾಲಗಳು

ದೇಹ ಸೋಂಕನ್ನು ಗುರುತಿಸಿ ಎದುರಿಸುವ ಮತ್ತು ಎದುರಿಸಿದ್ದನ್ನು ನೆನಪಿಟ್ಟುಕೊಳ್ಳುವ ಬಗೆಯನ್ನು ಅಭ್ಯಸಿಸುವ ವಿಜ್ಞಾನ ರೋಗನಿರೋಧಶಾಸ್ತ್ರ. ಇಮ್ಯುನಾಲಜಿ ಎಂಬ ಹೆಸರೂ ಬಳಕೆಯಲ್ಲಿದೆ. ವಿಶ್ವವಿದ್ಯಾಲಯವೊಂದರಲ್ಲಿ ಈ ವಿಷಯದ ಪ್ರಯೋಗಾಲಯವೆಂದರೆ ಸಾಮಾನ್ಯವಾಗಿ ಒಬ್ಬ ಪ್ರಾಧ್ಯಾಪಕರು, ಕೆಲವು ಪಿಎಚ್.ಡಿ. ವಿದ್ಯಾರ್ಥಿಗಳು, ಒಬ್ಬಿಬ್ಬರು ತಂತ್ರಜ್ಞರು ಸೇರಿದ ಸಣ್ಣ ಗುಂಪು. ಅವರ ಕೋಣೆಯಲ್ಲಿ ಇನ್‌ಕ್ಯುಬೇಟರ್, ಸೆಂಟ್ರಿಫ್ಯೂಜ್, ಲ್ಯಾಮಿನಾರ್ ಹುಡ್, ಫ್ರೀಜರ್‌ಗಳು ಇರುತ್ತವೆ. ಆದರೆ ಆ ಗುಂಪು ಪ್ರಕಟಿಸುವ ಒಂದು ಪ್ರಬಂಧದ ಹಿಂದೆ ದುಡಿಯುವ ಉಪಕರಣಗಳು, ಪ್ರಾಣಿಗಳು, ಪ್ರತಿಕಾಯಗಳು, ದತ್ತಾಂಶ ಭಂಡಾರಗಳು ಬಹುಪಾಲು ಆ ಕೋಣೆಯ ಹೊರಗಿವೆ. ಹಲವು ಗುಂಪುಗಳು ಕೂಡಿ ಬಳಸುವ ಇಂಥ ಕೇಂದ್ರಗಳನ್ನು ಸಾಮೂಹಿಕ ಸೌಲಭ್ಯಗಳೆಂದೂ, ಸಂಸ್ಥೆ ಹಾಗೂ ದೇಶಗಳ ಗಡಿ ದಾಟಿ ಪ್ರಯೋಗಾಲಯಗಳನ್ನು ಬೆಸೆಯುವ ಏರ್ಪಾಡುಗಳನ್ನು ಸಹಯೋಗ ಜಾಲಗಳೆಂದೂ ಕರೆಯಬಹುದು.

ಹಂಚಿಕೆಯ ಅಗತ್ಯ

ರೋಗನಿರೋಧ ವ್ಯವಸ್ಥೆ ಒಂದೇ ಅಂಗದಲ್ಲಿ ನೆಲೆಸಿಲ್ಲ. ರೋಗನಿರೋಧ ಕೋಶಗಳಲ್ಲೊಂದಾದ ಟಿ ಕೋಶದ ಮೂಲ ಅಸ್ಥಿಮಜ್ಜೆಯಲ್ಲಿದೆ. ಅದು ಥೈಮಸ್ ಗ್ರಂಥಿಯಲ್ಲಿ ಬಲಿಯುತ್ತದೆ, ರಕ್ತದಲ್ಲಿ ಸಂಚರಿಸಿ ಗುಲ್ಮ ಮತ್ತು ದುಗ್ಧಗ್ರಂಥಿಗಳಲ್ಲಿ ತಂಗುತ್ತದೆ, ಕರುಳು, ಚರ್ಮ, ಶ್ವಾಸಕೋಶಗಳಲ್ಲಿ ಕೆಲಸ ಮಾಡುತ್ತದೆ. ಒಂದು ಲಸಿಕೆ ಏಕೆ ಫಲಿಸಿತು ಎಂದು ತಿಳಿಯಲು ಪ್ರಾಣಿಗಳನ್ನು ಸಾಕಬೇಕು, ಕೋಶಗಳನ್ನು ಬಗೆಬಗೆಯಾಗಿ ಬೇರ್ಪಡಿಸಬೇಕು, ಅಂಗಾಂಶದೊಳಗೆ ಅವುಗಳ ನೆಲೆ ನೋಡಬೇಕು, ಅವುಗಳ ಜೀನ್‌ಗಳ ಚಟುವಟಿಕೆ ಓದಬೇಕು. ಇಷ್ಟೂ ಕೆಲಸಕ್ಕೆ ಬೇಕಾದ ಯಂತ್ರಗಳನ್ನು ಕೊಳ್ಳುವ ಹಣವಾಗಲಿ, ನಡೆಸುವ ಪರಿಣತಿಯಾಗಲಿ ಒಂದೇ ಗುಂಪಿಗೆ ಇರುವುದಿಲ್ಲ.

ಖರ್ಚಿಗಿಂತ ಆಳವಾದ ಕಾರಣ ಇನ್ನೊಂದಿದೆ. ಜೀವಂತ ಕೋಶಗಳ ವರ್ತನೆ ಪ್ರಾಣಿಯ ತಳಿ, ವಯಸ್ಸು, ಅದರ ಕರುಳಿನ ಬ್ಯಾಕ್ಟೀರಿಯಾ, ಬಳಸಿದ ಪ್ರತಿಕಾಯ, ಯಂತ್ರದ ಹೊಂದಾಣಿಕೆ ಇವೆಲ್ಲವನ್ನೂ ಅವಲಂಬಿಸುತ್ತದೆ. ಬೆಂಗಳೂರಿನಲ್ಲಿ ಅಳೆದದ್ದು ಬಾಸ್ಟನ್ನಿನಲ್ಲಿ ಅಳೆದದ್ದನ್ನು ಹೋಲಬೇಕಾದರೆ ಎರಡೂ ಕಡೆಯ ತಳಿಯೂ ಹೆಸರೂ ಮಾನಕವೂ ಒಂದೇ ಆಗಿರಬೇಕು. ಹಾಗಾಗಿ ಈ ಶಾಸ್ತ್ರದಲ್ಲಿ ಹಂಚಿಕೆಯು ಹಣ ಉಳಿಸುವ ಉಪಾಯವಾಗಿ ನಿಲ್ಲದೆ, ಜ್ಞಾನ ಜ್ಞಾನವೆನಿಸಿಕೊಳ್ಳಲು ಬೇಕಾದ ಷರತ್ತೇ ಆಗಿದೆ. ಮುಂದೆ ಹೇಳುವ ಒಂದೊಂದು ಸೌಲಭ್ಯದ ಚರಿತ್ರೆಯಲ್ಲೂ ಇದು ಕಾಣುತ್ತದೆ.

ಫ್ಲೋ ಸೈಟೋಮೆಟ್ರಿ ಕೇಂದ್ರ

ಬಹುತೇಕ ರೋಗನಿರೋಧಶಾಸ್ತ್ರಜ್ಞರು ಹೆಚ್ಚು ಹೊತ್ತು ಕಳೆಯುವ ಸಾಮೂಹಿಕ ಕೋಣೆ ಇದು. ಫ್ಲೋ ಸೈಟೋಮೀಟರ್ ಯಂತ್ರದಲ್ಲಿ ಕೋಶಗಳು ದ್ರವದ ಸಣ್ಣ ಧಾರೆಯಲ್ಲಿ ಒಂದರ ಹಿಂದೊಂದು ಸಾಗುತ್ತ ಲೇಸರ್ ಕಿರಣವನ್ನು ಹಾಯುತ್ತವೆ. ಕೋಶದ ಮೈಮೇಲಿನ ಪ್ರೋಟೀನುಗಳಿಗೆ ಮೊದಲೇ ಅಂಟಿಸಿದ ಪ್ರತಿಕಾಯಗಳು ಹೊತ್ತ ಬಣ್ಣಗಳು ಆಗ ಹೊಳೆಯುತ್ತವೆ. ಯಾವ ಬಣ್ಣ ಎಷ್ಟು ಹೊಳೆಯಿತು ಎಂಬುದರಿಂದ ಕೋಶದ ಬಗೆ ತಿಳಿಯುತ್ತದೆ. ಸೆಕೆಂಡಿಗೆ ಸಾವಿರಾರು ಕೋಶಗಳನ್ನು ಹೀಗೆ ಒಂದೊಂದಾಗಿ ಪರೀಕ್ಷಿಸಬಹುದು. ಸಾರ್ಟರ್ ಎಂಬ ಇನ್ನೊಂದು ಬಗೆಯ ಯಂತ್ರ ಧಾರೆಯನ್ನು ಹನಿಗಳಾಗಿ ಒಡೆದು, ಬೇಕಾದ ಕೋಶವಿರುವ ಹನಿಗೆ ವಿದ್ಯುದಾವೇಶ ಕೊಟ್ಟು, ಅದನ್ನು ಬೇರೆ ನಳಿಗೆಗೆ ತಿರುಗಿಸುತ್ತದೆ. ಲಕ್ಷಾಂತರ ಕೋಶಗಳ ನಡುವಿನಿಂದ ಅಪರೂಪದ ಒಂದು ಬಗೆಯನ್ನು ಜೀವಂತವಾಗಿ ಹೆಕ್ಕಿ ತೆಗೆಯಲು ಸಾಧ್ಯವಾದದ್ದು ಇದರಿಂದಲೇ.

ಈ ಯಂತ್ರದ ಹುಟ್ಟಿನಲ್ಲೂ ಹಂಚಿಕೆಯ ಕಥೆಯಿದೆ. 1965ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ಮ್ಯಾಕ್ ಫುಲ್ವೈಲರ್ ಕೋಶಗಳನ್ನು ಗಾತ್ರದ ಆಧಾರದ ಮೇಲೆ ಬೇರ್ಪಡಿಸುವ ಸಾರ್ಟರ್ ಒಂದನ್ನು ಪ್ರಕಟಪಡಿಸಿದರು. ಹನಿಗಳನ್ನು ವಿದ್ಯುತ್ತಿನಿಂದ ತಿರುಗಿಸುವ ತಂತ್ರವನ್ನು ಅವರು ಪಡೆದದ್ದು ಸ್ಟ್ಯಾನ್‌ಫರ್ಡ್‌ನ ರಿಚರ್ಡ್ ಸ್ವೀಟ್ ಶಾಯಿ ಚಿಮ್ಮುವ ಲೇಖನ ಯಂತ್ರಕ್ಕಾಗಿ ರೂಪಿಸಿದ್ದ ವಿಧಾನದಿಂದ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಳಿವಿಜ್ಞಾನಿ ಲಿಯೊನಾರ್ಡ್ ಹರ್ಜನ್‌ಬರ್ಗ್ ಲಾಸ್ ಅಲಾಮೋಸ್‌ನಿಂದ ಆ ಯಂತ್ರದ ನಕ್ಷೆಗಳನ್ನು ಪಡೆದು ತಂದರು. ಹೊಳೆಯುವ ಬಣ್ಣವನ್ನು ಅಳೆಯುವ ಸಾಮರ್ಥ್ಯವನ್ನು ಅದಕ್ಕೆ ಸೇರಿಸಿ, ಅವರ ತಂಡ 1969ರಲ್ಲಿ ಫಲಿತಾಂಶ ಪ್ರಕಟಿಸಿತು. 1970ರ ದಶಕದಲ್ಲಿ ಬೆಕ್ಟನ್ ಡಿಕಿನ್ಸನ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು.

1975ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಸೀಸರ್ ಮಿಲ್‌ಸ್ಟೈನ್ ಮತ್ತು ಜಾರ್ಜ್ ಕೋಲರ್ ಒಂದೇ ಗುರಿಗೆ ಅಂಟುವ ಏಕಮೂಲ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ವಿಧಾನ ಕಂಡುಹಿಡಿದರು. ಹರ್ಜನ್‌ಬರ್ಗ್ ತಮ್ಮ ಬಿಡುವಿನ ವರ್ಷವನ್ನು ಮಿಲ್‌ಸ್ಟೈನ್ ಅವರ ಪ್ರಯೋಗಾಲಯದಲ್ಲಿ ಕಳೆದು, ಆ ವಿಧಾನವನ್ನು ಸ್ಟ್ಯಾನ್‌ಫರ್ಡ್‌ಗೆ ತೆಗೆದುಕೊಂಡು ಹೋದರು. ಖಚಿತವಾಗಿ ಅಂಟುವ ಪ್ರತಿಕಾಯವೂ ಅದನ್ನು ಓದುವ ಯಂತ್ರವೂ ಒಂದೆಡೆ ಕೂಡಿದ್ದರಿಂದಲೇ ಆಧುನಿಕ ರೋಗನಿರೋಧಶಾಸ್ತ್ರ ಇಂದಿನ ರೂಪ ಪಡೆಯಿತು. ಕೋಲರ್ ಮತ್ತು ಮಿಲ್‌ಸ್ಟೈನ್ ನೀಲ್ಸ್ ಯೆರ್ನೆ ಅವರೊಂದಿಗೆ 1984ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಇಂದಿನ ಸೈಟೋಮೀಟರುಗಳು ಒಂದೇ ಕೋಶದ ಮೇಲೆ ಮೂವತ್ತಕ್ಕೂ ಹೆಚ್ಚು ಗುರುತುಗಳನ್ನು ಓದಬಲ್ಲವು. ಆದರೆ ಒಂದು ಬಣ್ಣದ ಹೊಳಪು ಇನ್ನೊಂದರ ಅಳತೆಯೊಳಕ್ಕೆ ಸೋರುತ್ತದೆ. ಅದನ್ನು ಲೆಕ್ಕ ಹಾಕಿ ಕಳೆಯಬೇಕು. ಲೇಸರುಗಳ ಸಾಲು ತಪ್ಪಿದೆಯೇ ಎಂದು ದಿನವೂ ಮಾನಕ ಮಣಿಗಳನ್ನು ಹಾಯಿಸಿ ನೋಡಬೇಕು. ಈ ಕಾರಣಕ್ಕೆ ಕೇಂದ್ರದ ನಿಜವಾದ ಆಸ್ತಿ ಅಲ್ಲಿನ ಪರಿಣತ ನಿರ್ವಾಹಕರು. ಯಾವ ಬಣ್ಣಗಳನ್ನು ಜೋಡಿಸಬಾರದು, ಯಾವ ನಿಯಂತ್ರಣ ಮಾದರಿ ಬಿಟ್ಟುಹೋಗಿದೆ, ಪರದೆಯ ಮೇಲೆ ಕಾಣುವ ಚುಕ್ಕೆಗಳ ಗುಂಪು ನಿಜವಾದ ಕೋಶಗಳದೋ ಸತ್ತ ಕೋಶಗಳ ಅಂಟೋ ಎಂಬುದನ್ನು ಹೊಸ ವಿದ್ಯಾರ್ಥಿಗೆ ಕಲಿಸುವವರು ಅವರೇ. ಎಷ್ಟೋ ತಪ್ಪು ತೀರ್ಮಾನಗಳು ಪ್ರಬಂಧವಾಗುವ ಮೊದಲೇ ಅವರ ಕಣ್ಣಿಗೆ ಬಿದ್ದು ನಿಂತುಹೋಗುತ್ತವೆ.

ಪ್ರಾಣಿಗೃಹ ಮತ್ತು ಇಲಿಯ ತಳಿಗಳು

ರೋಗನಿರೋಧಶಾಸ್ತ್ರದ ಬಹುಪಾಲು ಮೂಲ ಜ್ಞಾನ ಇಲಿಗಳಿಂದ ಬಂದಿದೆ. ತಲೆಮಾರುಗಳವರೆಗೆ ಒಡಹುಟ್ಟಿದವುಗಳನ್ನೇ ಕೂಡಿಸಿ ಬೆಳೆಸಿದ ಒಳತಳಿಯಲ್ಲಿ ಎಲ್ಲ ಇಲಿಗಳೂ ಆನುವಂಶಿಕವಾಗಿ ಹೆಚ್ಚುಕಡಿಮೆ ಒಂದೇ. ಹಾಗಾಗಿ ಒಂದರ ಕೋಶವನ್ನು ಇನ್ನೊಂದಕ್ಕೆ ಕೊಟ್ಟರೂ ದೇಹ ತಿರಸ್ಕರಿಸುವುದಿಲ್ಲ. ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿ ಕ್ಲಾರೆನ್ಸ್ ಕುಕ್ ಲಿಟ್ಲ್ 1929ರಲ್ಲಿ ಸ್ಥಾಪಿಸಿದ ಜಾಕ್ಸನ್ ಪ್ರಯೋಗಾಲಯ ಇಂಥ ತಳಿಗಳ ದೊಡ್ಡ ಭಂಡಾರ. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಕಪ್ಪು ಇಲಿಯ ತಳಿ ಸಿ57ಬಿಎಲ್/6ರ ಮೂಲ ಲಿಟ್ಲ್ 1921ರಲ್ಲಿ ಆರಂಭಿಸಿದ ಸಾಕಣೆಯಲ್ಲಿದೆ. ಅಂಗಾಂಶ ಕಸಿಯನ್ನು ಒಪ್ಪುವ ಅಥವಾ ತಿರಸ್ಕರಿಸುವ ಜೀನ್‌ಗಳನ್ನು ಇದೇ ಸಂಸ್ಥೆಯಲ್ಲಿ ಅಭ್ಯಸಿಸಿದ ಜಾರ್ಜ್ ಸ್ನೆಲ್ 1980ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

1947ರ ಅಕ್ಟೋಬರ್‌ನಲ್ಲಿ ಕಾಡ್ಗಿಚ್ಚು ಬಾರ್ ಹಾರ್ಬರ್‌ಗೆ ನುಗ್ಗಿ ಪ್ರಯೋಗಾಲಯವನ್ನು ಸುಟ್ಟಿತು. ಇಲಿಗಳೂ ಹೆಚ್ಚುಕಡಿಮೆ ಎಲ್ಲ ಸತ್ತವು. ಅದಕ್ಕೂ ಮುಂಚಿನ ವರ್ಷಗಳಲ್ಲಿ ಅಲ್ಲಿಂದ ಇಲಿ ಪಡೆದಿದ್ದ ಪ್ರಯೋಗಾಲಯಗಳು ಆಗ ತಮ್ಮಲ್ಲಿದ್ದ ಜೋಡಿಗಳನ್ನು ಮರಳಿ ಕಳಿಸಿದವು, ತಳಿಗಳು ಮತ್ತೆ ಬೆಳೆದವು. ಯಾರೊಬ್ಬರಲ್ಲೇ ಕಾಪಿಟ್ಟ ವಸ್ತು ಒಂದು ಅವಘಡದಲ್ಲಿ ಇಲ್ಲವಾಗುತ್ತದೆ, ಹಂಚಿದ್ದು ಉಳಿಯುತ್ತದೆ ಎಂಬುದಕ್ಕೆ ವಿಜ್ಞಾನದ ಇತಿಹಾಸದಲ್ಲಿ ಇದಕ್ಕಿಂತ ನೇರವಾದ ಸಾಕ್ಷ್ಯ ಸಿಗುವುದು ಕಷ್ಟ.

ಒಂದೇ ತಳಿ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಆಗುವುದಿಲ್ಲ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಡಾನ್ ಲಿಟ್‌ಮನ್ ಅವರ ತಂಡ ಇಬ್ಬರು ಬೇರೆ ಬೇರೆ ಸರಬರಾಜುದಾರರಿಂದ ಬಂದ ಇಲಿಗಳನ್ನು ಹೋಲಿಸಿತು. ಒಬ್ಬರ ಇಲಿಗಳ ಕರುಳಿನಲ್ಲಿ ಟಿಎಚ್17 ಎಂಬ ಬಗೆಯ ಟಿ ಕೋಶಗಳು ಹೇರಳವಾಗಿದ್ದವು, ಇನ್ನೊಬ್ಬರವುಗಳಲ್ಲಿ ಬಹಳ ಕಡಿಮೆ. ಈ ವ್ಯತ್ಯಾಸಕ್ಕೆ ಕಾರಣ ಕರುಳಿಗೆ ಅಂಟಿಕೊಂಡು ಬೆಳೆಯುವ ಎಳೆರೂಪದ ಒಂದು ಬ್ಯಾಕ್ಟೀರಿಯಾ ಎಂದು 2009ರಲ್ಲಿ ತಿಳಿಯಿತು. ಅಂದಿನಿಂದ ಪ್ರಾಣಿಗೃಹದ ದಾಖಲೆ ಪುಸ್ತಕ ಪ್ರಯೋಗದ ದಾಖಲೆಯ ಒಂದು ಭಾಗವೇ ಆಗಿದೆ. ಸೋಸಿದ ಗಾಳಿ ಹಾಯುವ ಪಂಜರಗಳು, ಕ್ರಿಮಿಮುಕ್ತ ಆಹಾರ, ಸೋಂಕು ನುಸುಳಿದೆಯೇ ಎಂದು ನೋಡಲು ಕಾಲಕಾಲಕ್ಕೆ ಪರೀಕ್ಷಿಸುವ ಕಾವಲು ಇಲಿಗಳು, ಪಶುವೈದ್ಯರು, ದಿನವೂ ಪಂಜರ ಬದಲಿಸುವ ಸಹಾಯಕರು ಇವೆಲ್ಲ ಸೇರಿದರೆ ಪ್ರಾಣಿಗೃಹ. ಭಾರತದಲ್ಲಿ ಪ್ರತಿ ಪ್ರಯೋಗಕ್ಕೂ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಈ ವ್ಯವಸ್ಥೆಗೆ 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಆಧಾರ.

ಸೂಕ್ಷ್ಮದರ್ಶಕ, ಜೀನ್ ಓದುವಿಕೆ, ಜೈವಿಕ ಸುರಕ್ಷೆ

ಸೈಟೋಮೀಟರ್ ಕೋಶ ಯಾವುದೆಂದು ಹೇಳುತ್ತದೆ. ಅದು ಎಲ್ಲಿತ್ತು, ಯಾರ ಪಕ್ಕದಲ್ಲಿತ್ತು ಎಂದು ಹೇಳಲು ಸೂಕ್ಷ್ಮದರ್ಶಕ ಕೇಂದ್ರ ಬೇಕು. ಕನ್‌ಫೋಕಲ್ ಸೂಕ್ಷ್ಮದರ್ಶಕ ಅಂಗಾಂಶದ ತೆಳು ಪದರಗಳನ್ನು ಒಂದೊಂದಾಗಿ ತೋರಿಸುತ್ತದೆ. ಎರಡು ಫೋಟಾನ್ ಸೂಕ್ಷ್ಮದರ್ಶಕ ಅವಕೆಂಪು ಲೇಸರ್ ಬಳಸಿ ಇನ್ನೂ ಆಳಕ್ಕೆ ಇಳಿಯುತ್ತದೆ. 2002ರಲ್ಲಿ ಅಮೆರಿಕದ ತಂಡಗಳು ಈ ಉಪಕರಣದಿಂದ ಜೀವಂತ ದುಗ್ಧಗ್ರಂಥಿ ಹಾಗೂ ಥೈಮಸ್ ಅಂಗಾಂಶದೊಳಗೆ ಕೋಶಗಳು ಎಡೆಬಿಡದೆ ಅಲೆದಾಡುವುದನ್ನು, ಒಂದನ್ನೊಂದು ತಟ್ಟಿ ಪರೀಕ್ಷಿಸುವುದನ್ನು ಚಿತ್ರೀಕರಿಸಿದವು. ಅದುವರೆಗೆ ಊಹೆಯಾಗಿದ್ದ ಭೇಟಿಗಳು ಆಗ ಕಣ್ಣಿಗೆ ಬಿದ್ದವು.

ಅನುಕ್ರಮ ಓದುವ ಕೇಂದ್ರದಲ್ಲಿ ಸಾವಿರಾರು ಕೋಶಗಳ ಆರ್‌ಎನ್‌ಎಗೆ ಕೋಶಕ್ಕೊಂದರಂತೆ ಪ್ರತ್ಯೇಕ ಗುರುತು ಹಚ್ಚಿ, ಒಟ್ಟಿಗೇ ಓದಿ, ಮತ್ತೆ ಕೋಶವಾರು ಬಿಡಿಸುತ್ತಾರೆ. ಟಿ ಕೋಶಗಳೂ ಪ್ರತಿಕಾಯ ತಯಾರಿಸುವ ಬಿ ಕೋಶಗಳೂ ತಮ್ಮ ಗ್ರಾಹಕಗಳ ಜೀನ್ ತುಣುಕುಗಳನ್ನು ಬಗೆಬಗೆಯಾಗಿ ಜೋಡಿಸಿಕೊಳ್ಳುವುದರಿಂದ ಒಬ್ಬ ವ್ಯಕ್ತಿಯ ಗ್ರಾಹಕಗಳ ಸಂಗ್ರಹವೇ ಅಪಾರ. ಅದನ್ನು ವಿಶ್ಲೇಷಿಸಲು ಗಣಕ ಪರಿಣತರೂ ಶಕ್ತಿಶಾಲಿ ಸರ್ವರ್‌ಗಳೂ ಬೇಕು. ಕ್ಷಯದ ಬ್ಯಾಕ್ಟೀರಿಯಾದಂಥ ಅಪಾಯಕಾರಿ ರೋಗಾಣುಗಳನ್ನು ಬೆಳೆಸುವ ಕೆಲಸ ನಡೆಯುವುದು ಮೂರನೆಯ ಹಂತದ ಜೈವಿಕ ಸುರಕ್ಷಾ ಪ್ರಯೋಗಾಲಯದಲ್ಲಿ. ಅಲ್ಲಿ ಗಾಳಿ ಯಾವಾಗಲೂ ಒಳಮುಖವಾಗಿ ಹರಿಯುತ್ತದೆ, ಹೊರಹೋಗುವ ಗಾಳಿ ಸೂಕ್ಷ್ಮ ಶೋಧಕಗಳ ಮೂಲಕವೇ ಹೋಗುತ್ತದೆ, ತರಬೇತಿಯಿಲ್ಲದವರಿಗೆ ಪ್ರವೇಶವಿಲ್ಲ. ಇದನ್ನು ಕಟ್ಟುವುದಕ್ಕಿಂತ ವರ್ಷವಿಡೀ ಸುಸ್ಥಿತಿಯಲ್ಲಿ ನಡೆಸುವುದು ಕಷ್ಟ.

ಆಸ್ಪತ್ರೆಯ ನಂಟು

ಇಲಿಯಲ್ಲಿ ಕಂಡದ್ದು ಮನುಷ್ಯನಲ್ಲೂ ನಿಜವೇ ಎಂದು ತಿಳಿಯಲು ರೋಗಿಗಳ ಮತ್ತು ಆರೋಗ್ಯವಂತರ ರಕ್ತ ಬೇಕು. ರಕ್ತದಿಂದ ಬಿಳಿಕೋಶಗಳನ್ನು ಬೇರ್ಪಡಿಸಿ, ದ್ರವ ಸಾರಜನಕದ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ಶೈತ್ಯದಲ್ಲಿ ಇಟ್ಟರೆ ವರ್ಷಗಳ ನಂತರವೂ ಅವುಗಳನ್ನು ಎಬ್ಬಿಸಿ ಪರೀಕ್ಷಿಸಬಹುದು. ಇಂಥ ಮಾದರಿ ಭಂಡಾರಕ್ಕೆ ವೈದ್ಯರು, ರಕ್ತ ತೆಗೆಯುವ ಶುಶ್ರೂಷಕರು, ಸಮ್ಮತಿ ಪತ್ರವನ್ನು ರೋಗಿಯ ಭಾಷೆಯಲ್ಲೇ ವಿವರಿಸುವವರು, ಹೆಸರು ಮರೆಮಾಡಿ ಸಂಖ್ಯೆ ಕೊಡುವ ದಾಖಲೆಗಾರರು ಬೇಕು. ಸಂಶೋಧನೆಯಿಂದ ತನಗೆ ನೇರ ಲಾಭವಿಲ್ಲದಿದ್ದರೂ ತೋಳು ಚಾಚುವ ಸಾಮಾನ್ಯ ಮನುಷ್ಯನೇ ಈ ಜಾಲದ ಮೊದಲ ಸಹಯೋಗಿ. ಅವನ ಸಮ್ಮತಿಯನ್ನು ಗೌರವಿಸುವುದು ಎಲ್ಲಕ್ಕಿಂತ ಮೊದಲ ಕರ್ತವ್ಯ.

ಕಾರ್ಯಾಗಾರಗಳು ಮತ್ತು ಒಮ್ಮತದ ಹೆಸರುಗಳು

ಮನುಷ್ಯರ ಅಂಗಾಂಶ ಹೊಂದಾಣಿಕೆಯ ಗುರುತುಗಳನ್ನು 1950ರ ದಶಕದ ಕೊನೆಯಲ್ಲಿ ಪ್ಯಾರಿಸ್‌ನ ಜಾನ್ ದೊಸೆ, ಲೈಡನ್‌ನ ಯಾನ್ ವಾನ್ ರೂಡ್, ಸ್ಟ್ಯಾನ್‌ಫರ್ಡ್‌ನ ರೋಸ್ ಪೇನ್ ಪ್ರತ್ಯೇಕವಾಗಿ ಕಾಣತೊಡಗಿದರು. ಒಬ್ಬೊಬ್ಬರ ವಿಧಾನ ಒಂದೊಂದು, ಹೆಸರೂ ಬೇರೆ. 1964ರಲ್ಲಿ ಬರ್ನಾರ್ಡ್ ಏಮಸ್ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಇವರನ್ನೆಲ್ಲ ಒಂದೇ ಮೇಜಿನ ಸುತ್ತ ಕೂರಿಸಿ, ಒಂದೇ ಕೋಶಗಳನ್ನು ಎಲ್ಲರೂ ಪರೀಕ್ಷಿಸುವಂತೆ ಮಾಡಿದರು. ಫಲಿತಾಂಶಗಳು ಒಂದಕ್ಕೊಂದು ಹೊಂದಲಿಲ್ಲ. ಆ ಹೊಂದದಿರುವಿಕೆಯೇ ಮುಂದಿನ ಕೆಲಸಕ್ಕೆ ದಾರಿ ತೋರಿತು. ಮುಂದಿನ ವರ್ಷ ಲೈಡನ್‌ನಲ್ಲಿ, 1967ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಕಾರ್ಯಾಗಾರಗಳು ನಡೆದವು. ಚದುರಿದ ಗುರುತುಗಳೆಲ್ಲ ಒಂದೇ ಆನುವಂಶಿಕ ವ್ಯವಸ್ಥೆಗೆ ಸೇರಿದವು ಎಂಬುದು ಹಂತಹಂತವಾಗಿ ಸ್ಪಷ್ಟವಾಗಿ, ಎಚ್‌ಎಲ್‌ಎ ಎಂಬ ಸಮಾನ ಹೆಸರು ನೆಲೆಗೊಂಡಿತು. ಮೂತ್ರಪಿಂಡ, ಅಸ್ಥಿಮಜ್ಜೆ ಕಸಿಗೆ ಹೊಂದುವ ದಾನಿಯನ್ನು ಇಂದು ಹುಡುಕುವುದು ಇದೇ ಹೆಸರುಗಳ ಆಧಾರದ ಮೇಲೆ.

ಏಕಮೂಲ ಪ್ರತಿಕಾಯಗಳು ಬಂದ ಮೇಲೂ ಇದೇ ಗೊಂದಲ ಮರುಕಳಿಸಿತು: ಒಂದೇ ಪ್ರೋಟೀನಿಗೆ ಪ್ರಯೋಗಾಲಯಕ್ಕೊಂದು ಹೆಸರು. 1982ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ಕಾರ್ಯಾಗಾರ ಪ್ರತಿಕಾಯಗಳನ್ನು ಗುಟ್ಟಿನ ಸಂಖ್ಯೆ ಕೊಟ್ಟು ಹಂಚಿ, ಒಂದೇ ರೀತಿ ಅಂಟುವವನ್ನು ಗುಂಪು ಮಾಡಿ, ಸಿಡಿ ಸಂಖ್ಯೆಗಳನ್ನು ಕೊಟ್ಟಿತು. ಎಚ್‌ಐವಿ ಸೋಂಕಿತರ ವರದಿಯಲ್ಲಿ ಕಾಣುವ ಸಿಡಿ4 ಎಣಿಕೆ ಬಂದದ್ದು ಈ ಪಟ್ಟಿಯಿಂದ. ಇಂದು ಅದರಲ್ಲಿ 350ಕ್ಕೂ ಹೆಚ್ಚು ಸಂಖ್ಯೆಗಳಿವೆ.

ವಸ್ತು ಮತ್ತು ದತ್ತಾಂಶದ ಜಾಲಗಳು

ಒಂದು ನಿರ್ದಿಷ್ಟ ವೈರಸ್ ತುಣುಕನ್ನು ಗುರುತಿಸುವ ಟಿ ಕೋಶಗಳನ್ನಷ್ಟೇ ಎಣಿಸಲು ನೆರವಾಗುವ ಟೆಟ್ರಾಮರ್ ಎಂಬ ವಸ್ತುವನ್ನು 1996ರಲ್ಲಿ ಜಾನ್ ಆಲ್ಟ್‌ಮನ್, ಮಾರ್ಕ್ ಡೇವಿಸ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದರು. ಅದನ್ನು ತಯಾರಿಸುವುದು ಪ್ರತಿ ಪ್ರಯೋಗಾಲಯಕ್ಕೂ ಸಾಧ್ಯವಿರಲಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದಲ್ಲಿ ಟೆಟ್ರಾಮರ್ ಕೇಂದ್ರಕ್ಕೆ ಹಣ ಒದಗಿಸಿದವು. ಕೋರಿಕೆ ಅನುಮೋದನೆಗೊಂಡರೆ ಅಲ್ಲಿಂದ ಬೇರೆ ಬೇರೆ ಪ್ರಯೋಗಾಲಯಗಳಿಗೆ ವಸ್ತು ಹೋಗುತ್ತದೆ. ಜೀನ್ ಹೊತ್ತ ಡಿಎನ್‌ಎ ವರ್ತುಲಗಳಾದ ಪ್ಲಾಸ್ಮಿಡ್‌ಗಳಿಗಾಗಿ 2004ರಲ್ಲಿ ಆರಂಭವಾದ ಆಡ್‌ಜೀನ್ ಎಂಬ ಲಾಭರಹಿತ ಭಂಡಾರ, ಪ್ರತಿಕಾಯ ಸ್ರವಿಸುವ ಕೋಶಗಳಿಗಾಗಿ ಅಯೋವಾ ವಿಶ್ವವಿದ್ಯಾಲಯದ ಹೈಬ್ರಿಡೋಮಾ ಬ್ಯಾಂಕ್, ಭಾರತದಲ್ಲಿ ಕೋಶತಳಿಗಳಿಗಾಗಿ ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರ ಇದೇ ಬಗೆಯ ಸೇವೆ ಮಾಡುತ್ತಿವೆ.

2008ರಲ್ಲಿ ಪ್ರಕಟವಾದ ಇಮ್‌ಜೆನ್ ಯೋಜನೆ ಸಹಯೋಗದ ಮತ್ತೊಂದು ಮಾದರಿ. ಹಾರ್ವರ್ಡ್‌ನ ಕ್ರಿಸ್ಟೋಫ್ ಬೆನ್ವಾ ಮತ್ತು ಡಯಾನ್ ಮಾಥಿಸ್ ಅವರ ನೇತೃತ್ವದಲ್ಲಿ ಹಲವು ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳು ಇಲಿಯ ರೋಗನಿರೋಧ ಕೋಶಗಳನ್ನು ಹಂಚಿಕೊಂಡವು. ಒಬ್ಬರಿಗೆ ಬಿ ಕೋಶ, ಇನ್ನೊಬ್ಬರಿಗೆ ಡೆಂಡ್ರಿಟಿಕ್ ಕೋಶ. ತಳಿ, ವಯಸ್ಸು, ಬೇರ್ಪಡಿಸುವ ವಿಧಾನ ಎಲ್ಲರಿಗೂ ಒಂದೇ. ಜೀನ್ ಚಟುವಟಿಕೆಯ ಮಾಪನ ಕೇಂದ್ರೀಕೃತ. ದತ್ತಾಂಶ ಎಲ್ಲರಿಗೂ ಮುಕ್ತ. ಸೈಟೋಮೀಟರ್ ಕೊಳ್ಳಲಾಗದ ಕಾಲೇಜಿನ ವಿದ್ಯಾರ್ಥಿಯೂ ಇಂದು ತನ್ನ ಇಷ್ಟದ ಜೀನ್ ಯಾವ ಕೋಶದಲ್ಲಿ ಚುರುಕಾಗಿದೆ ಎಂದು ಕುಳಿತಲ್ಲೇ ನೋಡಬಹುದು.

ಕ್ಯಾಲಿಫೋರ್ನಿಯಾದ ಲಾ ಹೋಯಾ ಇಮ್ಯುನಾಲಜಿ ಸಂಸ್ಥೆಯಲ್ಲಿರುವ ಎಪಿಟೋಪ್ ದತ್ತಾಂಶ ಭಂಡಾರ, ಪ್ರತಿಕಾಯ ಮತ್ತು ಟಿ ಕೋಶಗಳು ಗುರುತಿಸುವ ತುಣುಕುಗಳನ್ನು ಪ್ರಕಟಿತ ಸಾಹಿತ್ಯದಿಂದ ಹೆಕ್ಕಿ ಸೇರಿಸುತ್ತದೆ. 2020ರಲ್ಲಿ ಕೊರೊನಾ ವೈರಸ್‌ನ ಯಾವ ತುಣುಕುಗಳಿಗೆ ದೇಹ ಸ್ಪಂದಿಸಬಹುದೆಂದು ಬೇಗನೆ ಅಂದಾಜಿಸಲು ಹಿಂದಿನ ಸಾರ್ಸ್ ವೈರಸ್ ಕುರಿತು ಅಲ್ಲಿ ಕೂಡಿಟ್ಟಿದ್ದ ಮಾಹಿತಿ ನೆರವಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಪ್ರತಿಕಾಯಗಳಿಗೆ ಮೊದಲ ಅಂತರರಾಷ್ಟ್ರೀಯ ಮಾನಕವನ್ನು ಒಪ್ಪಿತು. ಅದು ಚೇತರಿಸಿಕೊಂಡವರ ಪ್ಲಾಸ್ಮಾದಿಂದ ತಯಾರಿಸಿದ್ದು. ಬೇರೆ ಬೇರೆ ದೇಶಗಳ ಅಳತೆಗಳನ್ನು ಒಂದೇ ಮಾನದಲ್ಲಿ ಹೇಳಲು ಆಗ ಸಾಧ್ಯವಾಯಿತು. ಲಸಿಕೆಗಳನ್ನು ಸಮಾನವಾಗಿ ಅಳೆಯಲು ಸೆಪಿ ಒಕ್ಕೂಟ ಕಟ್ಟಿದ ಪ್ರಯೋಗಾಲಯ ಜಾಲದಲ್ಲಿ ಹರಿಯಾಣದ ಫರೀದಾಬಾದ್‌ನ ಟಿಎಚ್‌ಎಸ್‌ಟಿಐ ಸಂಸ್ಥೆಯೂ ಸೇರಿತ್ತು.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಈ ಶಾಸ್ತ್ರಕ್ಕೆ ಸಾಂಸ್ಥಿಕ ನೆಲೆ ಒದಗಿಸಿದವರಲ್ಲಿ ಜಿ. ಪಿ. ತಲ್ವಾರ್ ಪ್ರಮುಖರು. ದೆಹಲಿಯಲ್ಲಿ 1981ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ರೋಗನಿರೋಧಶಾಸ್ತ್ರ ಸಂಸ್ಥೆಗೆ ಅವರು ಮೊದಲ ನಿರ್ದೇಶಕರು. ಸಾಮೂಹಿಕ ಉಪಕರಣಗಳ ವಿಚಾರದಲ್ಲಿ ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 1970ರ ದಶಕದಿಂದಲೇ ಪ್ರಾದೇಶಿಕ ಉಪಕರಣ ಕೇಂದ್ರಗಳನ್ನು ಬೆಂಬಲಿಸುತ್ತ ಬಂದಿದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವವಿಜ್ಞಾನ ವಿಭಾಗಗಳು ಕೂಡಿ ಬಳಸುವ ಫ್ಲೋ ಸೈಟೋಮೆಟ್ರಿ ಕೇಂದ್ರ, ಕೇಂದ್ರ ಪ್ರಾಣಿಗೃಹ, ಮತ್ತು ಸಾಂಕ್ರಾಮಿಕ ರೋಗ ಸಂಶೋಧನಾ ಕೇಂದ್ರದ ಆಶ್ರಯದಲ್ಲಿ ಮೂರನೆಯ ಹಂತದ ಸುರಕ್ಷಾ ಪ್ರಯೋಗಾಲಯ ಇವೆ. ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿ ಜೀವವಿಜ್ಞಾನ ಕ್ಷೇತ್ರದ ಎನ್‌ಸಿಬಿಎಸ್, ಇನ್‌ಸ್ಟೆಮ್ ಮತ್ತು ಸಿ-ಕ್ಯಾಂಪ್ ಸಂಸ್ಥೆಗಳು ಅಕ್ಕಪಕ್ಕದಲ್ಲೇ ಇದ್ದು, ಚಿತ್ರಣ, ಸೈಟೋಮೆಟ್ರಿ, ಜೀನ್ ಓದುವಿಕೆ, ಪ್ರಾಣಿ ಸಾಕಣೆಯ ಸೌಲಭ್ಯಗಳನ್ನು ಹಂಚಿಕೊಂಡಿವೆ. ಜೈವಿಕ ತಂತ್ರಜ್ಞಾನ ಇಲಾಖೆ 2009ರಲ್ಲಿ ಆರಂಭಿಸಿದ ಸಿ-ಕ್ಯಾಂಪ್, ಹೊರಗಿನ ವಿಶ್ವವಿದ್ಯಾಲಯಗಳಿಗೂ ನವೋದ್ಯಮಗಳಿಗೂ ಶುಲ್ಕ ಪಡೆದು ಸೇವೆ ಒದಗಿಸುತ್ತದೆ. ದೇಶದಲ್ಲಿ ಯಾವ ಉಪಕರಣ ಎಲ್ಲಿದೆ ಎಂದು ತೋರಿಸಿ ಸಮಯ ಕಾಯ್ದಿರಿಸಲು ನೆರವಾಗುವ ಐ-ಸ್ಟೆಮ್ ಜಾಲತಾಣ 2020ರ ಜನವರಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಮ್ಮೇಳನದಲ್ಲಿ ಆರಂಭವಾಯಿತು. ಕೊರೊನಾ ವೈರಸ್ ರೂಪಾಂತರಗಳನ್ನು ಗಮನಿಸಲು 2020ರ ಡಿಸೆಂಬರ್‌ನಲ್ಲಿ ರಚಿತವಾದ ಇನ್ಸಾಕಾಗ್ ಒಕ್ಕೂಟದ ಮೊದಲ ಹತ್ತು ಪ್ರಯೋಗಾಲಯಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಎನ್‌ಸಿಬಿಎಸ್–ಇನ್‌ಸ್ಟೆಮ್ ಇದ್ದವು.

ಇಂಥ ಸಹಯೋಗ ಕನ್ನಡ ನೆಲಕ್ಕೆ ಹೊಸದೇನಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಜನರಿಗೂ ಜ್ವರ ಹಬ್ಬಿದಾಗ ರಾಜ್ಯದ ಆರೋಗ್ಯ ಇಲಾಖೆಯೂ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಕ್‌ಫೆಲ್ಲರ್ ಪ್ರತಿಷ್ಠಾನ ಸೇರಿ ನಡೆಸುತ್ತಿದ್ದ ಪುಣೆಯ ವೈರಸ್ ಸಂಶೋಧನಾ ಕೇಂದ್ರವೂ ಕೈಜೋಡಿಸಿದವು. ಪ್ರತಿಕಾಯಗಳ ಹೋಲಿಕೆಯಿಂದ ಈ ವೈರಸ್ ರಷ್ಯಾದ ಉಣ್ಣೆಹುಳು ಹರಡುವ ಮಿದುಳು ಜ್ವರದ ಗುಂಪಿಗೆ ಸೇರಿದ್ದೆಂದು ಗೊತ್ತಾಯಿತು. ಕಾಡಿನ ಮಗ್ಗುಲಿನ ಹಳ್ಳಿಯ ರಕ್ತದ ಮಾದರಿ, ಪುಣೆಯ ಪ್ರಯೋಗಾಲಯ, ದೂರದ ದೇಶಗಳ ವೈರಸ್ ಸಂಗ್ರಹ ಈ ಮೂರೂ ಕೂಡದಿದ್ದರೆ ಮಂಗನ ಕಾಯಿಲೆ ಎಂದು ಹೆಸರಾದ ಈ ಜ್ವರದ ಗುರುತು ಅಷ್ಟು ಬೇಗ ಸಿಗುತ್ತಿರಲಿಲ್ಲ.

ನಿರ್ವಹಣೆ ಮತ್ತು ಕೊರತೆಗಳು

ಯಂತ್ರ ಕೊಳ್ಳಲು ಅನುದಾನ ಸಿಗುವಷ್ಟು ಸುಲಭವಾಗಿ ಅದರ ವಾರ್ಷಿಕ ನಿರ್ವಹಣಾ ಒಪ್ಪಂದಕ್ಕೆ, ಲೇಸರ್ ಬದಲಾವಣೆಗೆ, ನಿರ್ವಾಹಕರ ಸಂಬಳಕ್ಕೆ ಹಣ ಸಿಗುವುದಿಲ್ಲ. ಗುತ್ತಿಗೆಯ ಮೇಲೆ ಬಂದ ಪರಿಣತರು ಬಿಟ್ಟುಹೋದರೆ ಅವರು ಗಳಿಸಿದ ಕೈಚಳಕವೂ ಅವರೊಂದಿಗೇ ಹೋಗುತ್ತದೆ. ಅವರಿಗೆ ಕಾಯಂ ಹುದ್ದೆ, ಬಡ್ತಿಯ ದಾರಿ, ಪ್ರಬಂಧದಲ್ಲಿ ಸಲ್ಲಬೇಕಾದ ಮನ್ನಣೆ ಕೊಡುವುದು ಯಂತ್ರ ಕೊಳ್ಳುವಷ್ಟೇ ಮುಖ್ಯ. ಬಳಕೆದಾರರ ಶುಲ್ಕ, ಸರದಿ, ತರಬೇತಿಯ ನಿಯಮಗಳು ಎಲ್ಲರಿಗೂ ಒಂದೇ ಆಗಿರಬೇಕು. ಇಲ್ಲದಿದ್ದರೆ ಹಿರಿಯರ ಪ್ರಯೋಗಾಲಯಗಳು ಯಂತ್ರವನ್ನು ಹಿಡಿದಿಟ್ಟುಕೊಂಡು, ಹೊಸಬರು ಕಾಯುತ್ತಲೇ ಇರುತ್ತಾರೆ. ಸಂಸ್ಥೆಗಳ ನಡುವೆ ವಸ್ತು ಕಳಿಸುವಾಗ ಬೇಕಾದ ವರ್ಗಾವಣೆ ಒಪ್ಪಂದಗಳು ತಿಂಗಳುಗಟ್ಟಲೆ ಕಚೇರಿಗಳಲ್ಲಿ ನಿಲ್ಲುವುದೂ ಉಂಟು.

ದೂರವೂ ಒಂದು ತಡೆ. ಬಣ್ಣ ಹಚ್ಚಿದ ಮೇಲೆ ರಾಸಾಯನಿಕದಿಂದ ಗಟ್ಟಿಗೊಳಿಸಿದ ಕೋಶಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ರಾತ್ರಿ ಬಸ್ಸಿನಲ್ಲಿ ಧಾರವಾಡದಿಂದಲೋ ಮಂಗಳೂರಿನಿಂದಲೋ ಬೆಂಗಳೂರಿಗೆ ತರಬಹುದು. ಜೀವಂತವಾಗಿ ಬೇರ್ಪಡಿಸಬೇಕಾದ ಕೋಶಗಳಿಗೆ ಆ ಸಹನೆಯಿಲ್ಲ, ಗಂಟೆಗಳು ಕಳೆದಂತೆ ಅವು ಸಾಯುತ್ತವೆ. ಉಪಕರಣಗಳ ಪಟ್ಟಿ ಜಾಲತಾಣದಲ್ಲಿ ಸಿಕ್ಕರೆ ಸಾಲದು. ಜಿಲ್ಲಾ ಕೇಂದ್ರಗಳ ವಿಶ್ವವಿದ್ಯಾಲಯಗಳಿಗೆ ಕೆಲವು ಗಂಟೆಗಳಲ್ಲಿ ತಲುಪಬಹುದಾದ ಪ್ರಾದೇಶಿಕ ಕೇಂದ್ರಗಳು ಬೇಕು. ಮಂಗನ ಕಾಯಿಲೆ, ಡೆಂಗ್ಯೂ, ಕ್ಷಯ ಹೆಚ್ಚಾಗಿರುವ ಊರುಗಳ ಹತ್ತಿರವೇ ಅವುಗಳ ವಿರುದ್ಧ ದೇಹ ಹೇಗೆ ಸೆಣಸುತ್ತದೆ ಎಂದು ಅಭ್ಯಸಿಸುವ ಸಾಮರ್ಥ್ಯವೂ ಬೆಳೆಯಬೇಕಾದದ್ದು ನ್ಯಾಯ. ರೋಗನಿರೋಧಶಾಸ್ತ್ರದ ದೊಡ್ಡ ಹೆಜ್ಜೆಗಳು ನಕ್ಷೆ, ತಳಿ, ಪ್ರತಿಕಾಯ, ಹೆಸರು, ದತ್ತಾಂಶಗಳನ್ನು ಕೊಟ್ಟು ಪಡೆದವರಿಂದಲೇ ಸಾಧ್ಯವಾಗಿವೆ. ಆ ಕೊಡುಕೊಳ್ಳುವಿಕೆಯಲ್ಲಿ ಸಣ್ಣ ವಿಶ್ವವಿದ್ಯಾಲಯಗಳೂ ಸಮಪಾಲಿನವರಾಗುವಂತೆ ನೋಡಿಕೊಳ್ಳುವುದು ಮುಂದಿನ ದಶಕಗಳ ಮುಖ್ಯ ಕೆಲಸ.